ಮಂಗಳನಲ್ಲಿ ಇವತ್ತು ಎಷ್ಟು ಚಳಿ?

ಮಾರ್ಚ್ 3, ಬೆಳಿಗ್ಗೆ

ಹಗಲು ಮೈನಸ್ ಹನ್ನೆರಡು, ರಾತ್ರಿ ಮೈನಸ್ ಎಂಬತ್ತು. ಮಂಗಳ ಗ್ರಹದ ಮೇಲೆ ಕೂತಿರುವ ನಮ್ಮ ಯಂತ್ರ ಕಳಿಸಿದ ಲೆಕ್ಕ. ಮೊದಲು ಆಫೀಸಿನ ಫೈಲಿಗೆ, ಆಮೇಲೆ ಮಗಳಿಗೆ ಮೆಸೇಜು. ಅವಳು ಅಪ್ಪನ ಜೊತೆ ಬೇರೆ ಊರಿಗೆ ಹೋದಮೇಲೆ ನಮ್ಮಿಬ್ಬರಿಗೆ ಉಳಿದ ಮಾತು ಇದೊಂದೇ. ಊಟ ಆಯ್ತಾ ಅಂದರೆ "ಹೂಂ." ಸ್ಕೂಲು ಹೇಗಿದೆ ಅಂದರೆ "ಹೂಂ." ಮಂಗಳನ ಚಳಿ ಹೇಳಿದರೆ ಮಾತ್ರ ಬಾಯಿ ಬಿಡುತ್ತಾಳೆ. ಇವತ್ತು: "ಅಯ್ಯೋ ಪಾಪ, ಅದಕ್ಕೊಂದು ಸ್ವೆಟರ್ ಹಾಕಮ್ಮ!"

ಮಾರ್ಚ್ 6

ಅಲ್ಲಿ ಧೂಳು ಎದ್ದಿದೆ. ಹಗಲು ಮೈನಸ್ ಮೂವತ್ತು, ರಾತ್ರಿ ಮೈನಸ್ ಅರವತ್ತು. ರಾತ್ರಿ ಚಳಿ ಯಾಕೆ ಕಡಿಮೆ ಎಂದು ಕೇಳಿದಳು. ಧೂಳು ಹಗಲಿನಲ್ಲಿ ಬಿಸಿಲು ತಡೆಯುತ್ತದೆ, ರಾತ್ರಿ ಕಂಬಳಿಯ ಹಾಗೆ ಬೆಚ್ಚಗಿಡುತ್ತದೆ ಅಂತ ಹೇಳಿಕೊಟ್ಟೆ. ಖುಷಿಯಾಯಿತು ಅವಳಿಗೆ. ನನಗೂ.

ಬಾಸ್ ಮಾತ್ರ, "ಸೋಲಾರ್ ಪ್ಯಾನೆಲ್‌ಗೆ ಬಿಸಿಲಿಲ್ಲ, ಬ್ಯಾಟರಿ ಹೋದ್ರೆ ಕಥೆ ಮುಗೀತು ಕಣ್ರೀ" ಅಂದರು. ಹೇಳಿ, ಸ್ಕೂಟರಿಗೆ ಪಂಕ್ಚರ್ ಹಾಕಿಸಲು ಹೋದರು.

ಮಾರ್ಚ್ 9, ಸಂಜೆ

ಯಂತ್ರದಿಂದ ಸಿಗ್ನಲ್ ಇಲ್ಲ. ಸ್ಕ್ರೀನಿನ ಮೇಲೆ ಬರೀ ಗೆರೆ. ಅಷ್ಟರಲ್ಲಿ ಅವಳ ಮೆಸೇಜು: "ಇವತ್ತು ಎಷ್ಟು?"

ಯಂತ್ರ ಸತ್ತಿತು ಅಂದರೆ ಇನ್ನು ಯಾಕೆ ಮೆಸೇಜು ಮಾಡುತ್ತಾಳೆ? ಭಯವಾಯಿತು. ಮೈನಸ್ ಮೂವತ್ತೊಂದು, ಮೈನಸ್ ಐವತ್ತೊಂಬತ್ತು, ಧೂಳು ಇನ್ನೂ ಇಳಿದಿಲ್ಲ ಅಂತ ಬರೆದೆ. ಎಲ್ಲ ನನ್ನದೇ ಕಟ್ಟುಕಥೆ. ಎಷ್ಟು ಸಲೀಸು...

ಮಾರ್ಚ್ 17

ಎಂಟು ದಿನದಿಂದ ದಿನಾ ಸುಳ್ಳು ಲೆಕ್ಕವೇ. ಇವತ್ತು ಬಸ್ಸಿನ ನೂಕುನುಗ್ಗಲಿನಲ್ಲಿದ್ದೆ. ಆತುರದಲ್ಲಿ ಹಳೆಯ ಮೆಸೇಜೊಂದನ್ನು ಕಾಪಿ ಮಾಡಿ ಕಳಿಸಿದೆ — ಮೈನಸ್ ಹನ್ನೆರಡು, ಮೈನಸ್ ಎಂಬತ್ತು. ಎಂದೂ ಫೋನ್ ಮಾಡದವಳು ಫೋನ್ ಮಾಡಿದಳು.

"ಅಮ್ಮ, ಧೂಳು ಇನ್ನೂ ಇದೆ ಅಂದ್ಯಲ್ಲ ನಿನ್ನೆ. ಮತ್ತೆ ರಾತ್ರಿ ಎಂಬತ್ತು ಹೇಗಾಯ್ತು? ಕಂಬಳಿ ಎಲ್ಲಿ ಹೋಯ್ತು?"

ನಾನೇ ಹೇಳಿಕೊಟ್ಟ ಪಾಠ. ಸಿಕ್ಕಿಬಿದ್ದೆ.

"ಅದು ಸತ್ತೋಯ್ತಾ?"

"ಹೂಂ."

"ಮತ್ಯಾಕೆ ಸುಳ್ಳು ಹೇಳ್ದೆ?"

ಫೋನ್ ಇಟ್ಟುಬಿಟ್ಟಳು.

ಮಾರ್ಚ್ 18

ಮೆಸೇಜು ಇಲ್ಲ. ಅಡುಗೆಗೆ ಉಪ್ಪು ಹಾಕಲು ಮರೆತಿದ್ದೆ. ಹೇಳುವವರೂ ಇಲ್ಲ, ಹಾಗೆಯೇ ತಿಂದೆ.

ಮಾರ್ಚ್ 22, ಸಂಜೆ

ಬಂತು! "ಅಮ್ಮ, ನಿನ್ನ ರೂಮಲ್ಲಿ ಇವತ್ತು ಎಷ್ಟು?"

ಮಂಗಳನ ಚಳಿ ಬಾಯಿಪಾಠ; ನನ್ನ ರೂಮಿನದು ಗೊತ್ತೇ ಇಲ್ಲ. ಅಂದಾಜಿನಲ್ಲಿ ಹೇಳುವ ಹಾಗಿಲ್ಲ, ಇನ್ನು ಸುಳ್ಳು ಬೇಡ. ಸ್ಟೂಲು ಹತ್ತಿ ಅಟ್ಟದಿಂದ ಗೋಡೆಗೆ ಹಾಕುವ ಹಳೇ ಥರ್ಮಾಮೀಟರ್ ತೆಗೆದೆ. ಕೈಯಲ್ಲಿ ಹಿಡಿದದ್ದಕ್ಕೇ ಬಿಸಿಯಾಗಿದೆ, ಇಳಿಯಲಿ ಅಂತ ಮೇಜಿನ ಮೇಲೆ ಇಟ್ಟು ಕಾಯುತ್ತಿದ್ದೇನೆ. ಇಪ್ಪತ್ತೊಂಬತ್ತು... ಇಪ್ಪತ್ತೆಂಟು... ಇನ್ನೂ ಇಳಿಯುತ್ತಿದೆ... ಅವಳಿಗೆ ತಾಳ್ಮೆ ಎಲ್ಲಿ, ಫೋನೇ ಬಂತು —