ಎಲ್ಡರ್ ಚಿಕ್ಕಮುನಿಯಪ್ಪ

ಜೂನ್ 8, ಭಾನುವಾರ. ಬೆಳಿಗ್ಗೆ 9

ಮೊದಲು ಹೇಳಿದವರು ಎದುರುಮನೆಯ ಸತ್ಯವತಿ ಆಂಟಿ. ಇವತ್ತು ಬೆಳಿಗ್ಗೆ ಆರೂವರೆಗೆ, ಹಾಲಿನ ಬೂತಿನ ಮುಂದೆ. ಎರಡು ಪ್ಯಾಕೆಟ್ ಹಿಡಿದು ನಿಂತಿದ್ದೆ.

“ಏನೇ ವರಾ, ನಿನ್ ತಮ್ಮ ಎರಡ್ ವರ್ಷ ಡೆಲ್ಲಿಗೆ ಹೋಗ್ತಿದಾನಂತೆ! ಬಾಯೇ ಬಿಡ್ಲಿಲ್ವಲ್ಲೇ ನೀನು?”

ನನಗೆ ಗೊತ್ತಿದ್ದರಲ್ಲವೇ ಬಾಯಿ ಬಿಡುವುದು. ನಕ್ಕೆ. “ಇನ್ನೂ ಡೇಟ್ ಆಗಿಲ್ಲ ಆಂಟಿ” ಅಂದೆ. ಕಿಟ್ಟಿ ತಾರಸಿ ಮೇಲೆ ಫೋನಿನಲ್ಲಿ ಮಾತಾಡಿದ್ದಾನೆ, ಆಂಟಿ ಬಟ್ಟೆ ಒಣಹಾಕುತ್ತಿದ್ದಾರೆ. ಅಷ್ಟೆ ಸಾಕು.

ಮನೆಗೆ ಬಂದು ಕೇಳಿದೆ. “ಹೇಳೋಣ ಅಂತಾನೇ ಇದ್ದೆ ಅಕ್ಕ. ಲೆಟರ್ ಬಂದು ನಾಲ್ಕ್ ದಿನ ಆಯ್ತು.”

ಚರ್ಚಿನ ಕೆಲಸ. ಬೇರೆಯವರು ಮಾರ್ಮನ್ ಅನ್ನುತ್ತಾರೆ, ಅವರು ಹೇಳುವ ಹೆಸರು ಒಂದು ಸಾಲು ಉದ್ದ. ಇಪ್ಪತ್ತರ ಆಸುಪಾಸಿನ ಹುಡುಗರು ಬಿಳಿ ಅಂಗಿ, ಟೈ ಹಾಕಿಕೊಂಡು ಇಬ್ಬಿಬ್ಬರಾಗಿ ಕಾಣದ ಊರಲ್ಲಿ ಎರಡು ವರ್ಷ ಅವರ ಧರ್ಮದ ಮಾತು ಹೇಳಬೇಕು. ನಡುವೆ ಮನೆಗೆ ಬರುವಂತಿಲ್ಲ. ವಾರಕ್ಕೊಂದು ಫೋನ್.

ಮೂರು ವರ್ಷದ ಹಿಂದೆ ಕಿಟ್ಟಿ ಆ ಚರ್ಚಿಗೆ ಸೇರಿ ಕಾಫಿ ಬಿಟ್ಟ. ಅಪ್ಪ ಅವನ ಜೊತೆ ಮಾತು ಬಿಟ್ಟರು. ಬೈಯಲಿಲ್ಲ, ಹೊರಗೂ ಹಾಕಲಿಲ್ಲ. ಏನಿದ್ದರೂ ನನ್ನ ಮೂಲಕ. ಅಮ್ಮ ಇಲ್ಲ. ಗಂಡನ ಮನೆ ಬಿಟ್ಟು ನಾನು ಬಂದು ಹನ್ನೊಂದು ವರ್ಷ. ಹಗಲು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್, ಮನೆಯಲ್ಲಿ ಇವರಿಬ್ಬರ ನಡುವೆ ಓಡಾಟ.

“ಅವನಿಗೆ ಹೇಳು, ಸಾರು ಆರ್ತಾ ಇದೆ.” ಅವನು ಮೂರಡಿ ದೂರದಲ್ಲೇ ಇರುತ್ತಾನೆ.

“ಅಪ್ಪಂಗೆ ಹೇಳಕ್ಕ, ಐದೇ ನಿಮಿಷ.”

ಇವತ್ತು ಸಿಂಕಿನ ಹತ್ತಿರ ನಿಂತು ಕಿಟ್ಟಿ ಮೆಲ್ಲಗೆ ಅಂದ: “ಹೋಗೋಕ್ ಮುಂಚೆ ಅಪ್ಪ ನನ್ ಹತ್ರ ಒಂದ್ ಮಾತಾಡ್ಲಿ ಅಕ್ಕ. ಬೈದ್ರೂ ಪರವಾಗಿಲ್ಲ. ನೇರವಾಗಿ ಬೈಲಿ.”

ಆಗಲಿ ಅಂದೆ. ನನ್ನ ಕೈಯಲ್ಲಿದೆಯೇನೋ ಎಂಬಂತೆ.

ಜೂನ್ 19, ಗುರುವಾರ

ವಿಜಯನಗರಕ್ಕೆ ಹೋಗಿದ್ದೆವು. ಬಿಳಿ ಅಂಗಿ ಎಂಟು, ಕಪ್ಪು ಶೂ ಎರಡು ಜೊತೆ. ಅಂಗಡಿಯವನು, “ಸಾರ್ ಏನ್ ಹೋಟೆಲ್ ಮ್ಯಾನೇಜ್‌ಮೆಂಟಾ?” ಅಂದ. ಕಿಟ್ಟಿ ವಿವರಿಸಲು ಹೊರಟ. ತೋಳು ಹಿಡಿದು ಎಳೆದುಕೊಂಡು ಬಂದೆ. “ಡೆಲ್ಲೀಲಿ ಶುರು ಮಾಡೋ, ಇಲ್ಲಿ ನಂಗೆ ಬಸ್ ತಪ್ಪುತ್ತೆ.”

ಬೆಳಿಗ್ಗೆ ಅಪ್ಪನಿಗೆ ಸುದ್ದಿ ಹೇಳಿದ್ದೆ. ಪೇಪರ್ ಮಡಿಸಿಟ್ಟು, “ಅಲ್ಲಿ ಚಳಿ ಜಾಸ್ತಿ” ಅಂದರು. ಅವನಿಗೆ ಹೇಳು ಎನ್ನಲಿಲ್ಲ. ಆದರೂ ಕಿಟ್ಟಿಗೆ ಹೇಳಿದೆ, “ಸ್ವೆಟರ್ ತಗೋಬೇಕಂತೆ ಕಣೋ, ಅಪ್ಪ ಹೇಳಿದ್ರು.” ಅವನ ಮುಖ ನೋಡಬೇಕಿತ್ತು. ಎರಡು ತಗೊಂಡ.

ಜೂನ್ 29, ಭಾನುವಾರ

ಚರ್ಚಿಗೆ ಹೋಗಿ ಬಂದೆವು. ಅಪ್ಪ ಬರಲಿಲ್ಲ, ಮಂಡಿ ನೋವು. ಅರುಣ್ ಕುಮಾರ್ ಎಂಬ ಹಿರಿಯರು ಕಿಟ್ಟಿಯ ತಲೆ ಮೇಲೆ ಎರಡೂ ಕೈ ಇಟ್ಟು ಪ್ರಾರ್ಥನೆ ಮಾಡಿದರು. ನನಗೇಕೆ ಅಳು ಬಂತೋ. ದೇವರು ನಮ್ಮದಲ್ಲ, ತಲೆ ನಮ್ಮದು.

ಆಮೇಲೆ ಎದೆಗೆ ಕಪ್ಪು ಬ್ಯಾಡ್ಜ್ ಸಿಕ್ಕಿಸಿದರು. ಓದಿದೆ. ಎಲ್ಡರ್ ಚಿಕ್ಕಮುನಿಯಪ್ಪ.

ಅಪ್ಪನ ಹೆಸರು!

ಎಲ್ಡರ್ ಎಂದರೆ ಹಿರಿಯ. ಇಪ್ಪತ್ತೆರಡಕ್ಕೇ ಹಿರಿಯ. ಅದರ ಮುಂದೆ ಮನೆತನದ ಹೆಸರು ಹಾಕುತ್ತಾರಂತೆ. ನಮಗೆಲ್ಲಿಯ ಮನೆತನದ ಹೆಸರು? ಇವನು ಸಿ. ಕೃಷ್ಣಮೂರ್ತಿ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಆ ‘ಸಿ’ಯನ್ನು ಬಿಡಿಸಿ ಬರೆದಿದ್ದ, ಚರ್ಚಿನವರು ಅದನ್ನೇ ಹಿಡಿದಿದ್ದಾರೆ. ತಾತ ಮುನೇಶ್ವರನ ಮುಂದೆ ನಿಂತು ಇಟ್ಟ ಹೆಸರು. ಅದೀಗ ಟೈ ಪಕ್ಕದಲ್ಲಿ.

ಇನ್ನೊಂದು ವಾರ ಮನೆಯಲ್ಲೇ ಆನ್‌ಲೈನ್ ತರಬೇತಿ. ಇವತ್ತಿನಿಂದಲೇ ನಿಯಮ ಶುರು. ಒಬ್ಬನೇ ಎಲ್ಲೂ ಹೋಗುವಂತಿಲ್ಲ. ಅಲ್ಲಿ ಜೊತೆಗಾರ ಸಿಗುವ ತನಕ ಮನೆಯವರು ಯಾರಾದರೂ ಜೊತೆಗಿರಬೇಕಂತೆ. ಅರುಣ್ ಕುಮಾರ್ ನನ್ನ ಕಡೆ ನೋಡಿ, “ಸಿಸ್ಟರ್, ನೀವಿರ್ತೀರ ಅಲ್ವ?” ಅಂದರು.

ಇರುತ್ತೇನೆ. ಕ್ಲಿನಿಕ್ಕಿಗೆ ರಜೆ ಹಾಕಿದೆ. ಕೊತ್ತಂಬರಿ ಸೊಪ್ಪಿಗೂ ಇಬ್ಬರೇ ಹೋಗುವುದು. ಎಷ್ಟು ವರ್ಷವಾಗಿತ್ತು ಹೀಗೆ ಒಬ್ಬರ ಪಕ್ಕದಲ್ಲಿ ನಡೆದು...

ಜುಲೈ 1, ಮಂಗಳವಾರ

ಇವತ್ತು ನಕ್ಕೂ ನಕ್ಕೂ ಪಕ್ಕೆ ಹಿಡಿಯಿತು. ಆಮೇಲೆ ಮಾಡಿದ್ದನ್ನೂ ಬರೆದಿಡುತ್ತೇನೆ.

ಕಿಟ್ಟಿ ಹಾಲ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ. ಪಾಠ ಹೇಳುವ ಹುಡುಗಿ ಒಬ್ಬೊಬ್ಬರನ್ನೇ ಕೂಗುತ್ತಿದ್ದಾಳೆ. ಅಪ್ಪ ಹಿತ್ತಲ ಕಡೆ ಗಡ್ಡ ಹೆರೆಯುತ್ತಿದ್ದಾರೆ. “ಎಲ್ಡರ್ ಚಿಕ್ಕಮುನಿಯಪ್ಪ!” ಅಂದಳು. ಸದ್ದಿಲ್ಲ. ಕಿಟ್ಟಿ ಮೈಕ್ ಆನ್ ಮಾಡಲು ಹುಡುಕುತ್ತಿದ್ದ. ಇನ್ನೂ ಜೋರಾಗಿ, “ಚಿಕ್ಕಮುನಿಯಪ್ಪ! ಆರ್ ಯೂ ದೇರ್?”

“ಬಂದೇ ಬಂದೆ, ಯಾರು?” ಫ್ಯಾಕ್ಟರಿಯಲ್ಲಿ ಹಾಜರಿ ಕೂಗಿದಾಗ ಓಡುತ್ತಿದ್ದ ಹಾಗೆ ಅಪ್ಪ ಬಂದೇಬಿಟ್ಟರು. ಲುಂಗಿ, ಅರ್ಧ ಮುಖಕ್ಕೆ ನೊರೆ. ಪರದೆಯಲ್ಲಿ ಹತ್ತು ಹುಡುಗರು, ಹತ್ತೂ ಟೈ. ಎಲ್ಲರೂ ಕೈ ಬೀಸಿದರು. ಅಪ್ಪ ಗಲಿಬಿಲಿಯಾಗಿ ನಮಸ್ಕಾರ ಮಾಡಿದರು.

ಆಗ ಬ್ಯಾಡ್ಜ್ ನೋಡಿದರು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಬರುತ್ತದೆ. ನಿಧಾನ ಓದಿ ಒಳಗೆ ಹೋದರು.

ಅಡುಗೆಮನೆಗೆ ಬಂದು ಅಂದರು: “ಅವನಿಗೆ ಹೇಳು, ಅದು ನಮ್ಮಪ್ಪ ಮುನೇಶ್ವರನ್ನ ಬೇಡ್ಕೊಂಡು ಇಟ್ಟ ಹೆಸರು. ಬೀದಿ ಬೀದಿ ತಿರುಗ್ಸೋಕಲ್ಲ. ಕಳಚಿಟ್ಟು ಹೋಗ್ಲಿ.”

ಕಿಟ್ಟಿ ಕಾಯುತ್ತಿದ್ದ. “ಏನಂದ್ರಕ್ಕ?”

“ತಾತ ಇಟ್ಟ ಹೆಸರಂತೆ ಕಣೋ. ಜೋಪಾನ ಅಂದ್ರು.”

ಅವನು ಬ್ಯಾಡ್ಜ್ ಮೇಲೆ ಅಂಗೈ ಇಟ್ಟುಕೊಂಡ.

ಅಕ್ಕವ್ವ, ನನ್ನನ್ನು ಊರಲ್ಲಿ ಸಾಕಿದ ಅಜ್ಜಿ, ಒಂದೇ ಕಥೆಯನ್ನು ಮೂರು ಸಲ ಮೂರು ಥರ ಹೇಳುತ್ತಿದ್ದಳು. ಮೊನ್ನೆ ರಾಜ ಸತ್ತಿದ್ದನಲ್ಲ ಅಂದರೆ, “ನಿಂಗೆ ನಿದ್ದೆ ಬಂತೋ ಇಲ್ವೋ ಅಷ್ಟ್ ಹೇಳು” ಅನ್ನುತ್ತಿದ್ದಳು. ನಾನು ಅವಳ ಮೊಮ್ಮಗಳು, ಏನು ಮಾಡಲಿ.

ಜುಲೈ 3, ಗುರುವಾರ

ಗೊತ್ತಾಗಿಹೋಯಿತು.

ಊಟದ ಹೊತ್ತಿನಲ್ಲಿ ಕಿಟ್ಟಿ ಧೈರ್ಯ ಮಾಡಿ ನೇರವಾಗಿ ಅಂದ: “ಅಪ್ಪ, ಹೆಸರ್ನ ಜೋಪಾನವಾಗಿ ಇಟ್ಕೋತೀನಿ. ಅಕ್ಕ ಹೇಳಿದ್ಲು.”

ಅಪ್ಪ ತುತ್ತು ಇಳಿಸಿದರು. ಅವನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು.

“ನಾನ್ ಅಂದಿದ್ದೇನು, ನೀನ್ ಹೇಳಿದ್ದೇನು ವರಾ?”

ಅವರ ತಟ್ಟೆಗೆ ಸಾರು ಬಡಿಸಲು ಹೋದೆ. ಕೈ ಅಡ್ಡ ಹಿಡಿದರು.

“ಇನ್ ಮೇಲೆ ನಿನ್ ಕೈಲಿ ಮಾತು ಕಳ್ಸಲ್ಲ.” ಎದ್ದು ಕೈ ತೊಳೆದುಕೊಂಡರು.

ಕಿಟ್ಟಿ ತಟ್ಟೆ ನೋಡುತ್ತಾ ಕೇಳಿದ: “ಅಕ್ಕ, ಈ ಮೂರ್ ವರ್ಷದಲ್ಲಿ ನೀನ್ ಹೇಳಿದ್ದರಲ್ಲಿ ಅಪ್ಪಂದು ಎಷ್ಟು?”

“ಊಟದ್ದೆಲ್ಲ ಅಪ್ಪಂದೇ ಕಣೋ.”

“ನನ್ ರಿಸಲ್ಟ್ ಬಂದಾಗ ಖುಷಿಪಟ್ರು ಅಂದೆ?”

ನಾನು ಅಪ್ಪನ ತಟ್ಟೆ ಎತ್ತಿಕೊಂಡೆ.

“ಸ್ವೆಟರ್?”

“ಅಲ್ಲಿ ಚಳಿ ಅಂತ ಅಂದಿದ್ದು ನಿಜ.”

ಸಂಜೆ ಶೂ ಹಾಕಿಕೊಂಡ. ಒಬ್ಬನೇ ಹೋಗುವಂತಿಲ್ಲ. ನಾನೂ ಚಪ್ಪಲಿ ಮೆಟ್ಟಿದೆ. ಪಾರ್ಕಿನಲ್ಲಿ ಏಳು ಸುತ್ತು. ಅವನಿಗೆ ನನ್ನ ಮೇಲೆ ಸಿಟ್ಟು, ಆದರೂ ನಾನು ಹಿಂದೆ ಬಿದ್ದಾಗ ನಿಂತು ಕಾಯಬೇಕು. ನಿಯಮ. ಕಾದ.

ಜುಲೈ 8, ಮಂಗಳವಾರ. ಸಂಜೆ 6

ಕಳಿಸಿ ಬಂದೆವು.

ಬೆಳಿಗ್ಗೆ ಒಂಬತ್ತಕ್ಕೆ ಕಾರು. ಅಪ್ಪ ಬರುತ್ತಾರೋ ಇಲ್ಲವೋ, ಕೇಳುವ ದಾರಿಯೇ ಮುಚ್ಚಿತ್ತು. ಸೂಟ್‌ಕೇಸ್ ಇಳಿಸಿಕೊಂಡು ಬಂದರೆ ಅಪ್ಪ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದಾರೆ. ಇಸ್ತ್ರಿ ಅಂಗಿ, ಹೊಸ ಪಂಚೆ. ಕಿಟ್ಟಿ ನನ್ನ ಕೈ ಅದುಮಿದ.

ಸತ್ಯವತಿ ಆಂಟಿಯೂ ಪುಳಿಯೋಗರೆ ಡಬ್ಬದ ಸಮೇತ ಹತ್ತಿದರು. ಅವರಿಂದಾಗಿ ಕಾರಿನಲ್ಲಿ ಮಾತಿತ್ತು. “ಅಲ್ಲ ಕಣೋ ಕಿಟ್ಟಿ, ಎರಡ್ ವರ್ಷ ಕಾಫಿ ಇಲ್ಲ, ಸಿನಿಮಾ ಇಲ್ಲ, ಹುಡ್ಗಿ ಇಲ್ಲ. ನಮ್ ಅಯ್ಯಪ್ಪನ ಮಾಲೆ ಹಾಕಿದ್ರೆ ನಲವತ್ತೊಂದೇ ದಿನ!” ಡ್ರೈವರ್ ಕೂಡ ನಕ್ಕ. ಅಪ್ಪನ ಕುತ್ತಿಗೆ ಅಲುಗಲಿಲ್ಲ. ಹೆಬ್ಬಾಳದಲ್ಲಿ ಅರ್ಧ ಗಂಟೆ ನಿಂತೆವು. ಇನ್ನೂ ನಿಲ್ಲಲಿ ಅನ್ನಿಸಿತು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಕಿಟ್ಟಿ ಅಪ್ಪನ ಕಾಲು ಮುಟ್ಟಿದ. ಅಪ್ಪ ಟ್ರಾಲಿಯ ಹಿಡಿ ಬಿಡಲಿಲ್ಲ. ತುಟಿ ಅಲುಗಿದ ಹಾಗಿತ್ತು. ಮಾತು ಬರಲಿಲ್ಲ. ಆಮೇಲೆ ಹಿಡಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು, ತಿರುಗಿ ನಿಂತರು.

ಕಿಟ್ಟಿ ನನ್ನ ಹತ್ತಿರ ಬಂದ. ಕಣ್ಣು ಕೆಂಪು. “ಅಕ್ಕ, ಅಪ್ಪ ನಿನ್ ಹತ್ರ ಏನಾದ್ರೂ ಅಂದ್ರಾ?”

ಒಳ್ಳೆ ಮಾತುಗಳು ಎಷ್ಟು ಬೇಕಾದರೂ ಇದ್ದವು ನಾಲಿಗೆ ಮೇಲೆ.

“ಇಲ್ಲ ಕಣೋ. ಏನೂ ಅನ್ನಲಿಲ್ಲ.”

“ಹೂಂ” ಅಂದ. ಒಳಗೆ ಹೋದ. ಒಬ್ಬನೇ.

ಬರುವಾಗ ಆಂಟಿಯೂ ನಿದ್ದೆ ಹೋಗಿದ್ದರು.

ಜುಲೈ 11, ಶುಕ್ರವಾರ

ಅಪ್ಪ ನನ್ನೊಡನೆ ಮಾತಾಡಿ ಎಂಟು ದಿನ. ಸಿಟ್ಟೋ, ಅಥವಾ ಯಾರಿಗೂ ಏನೂ ಕಳಿಸುವುದಿಲ್ಲ ಎಂದ ಮೇಲೆ ನನ್ನ ಹತ್ತಿರ ಹೇಳಲು ಏನೂ ಉಳಿದಿಲ್ಲವೋ. ಮೂರು ವರ್ಷ ಇಷ್ಟೊಂದು ಮಾತಾಡಿದ್ದರಲ್ಲ ನನ್ನ ಜೊತೆ ಅಂದುಕೊಂಡಿದ್ದೆ. ಒಂದೂ ನನಗಲ್ಲ.

ಸಂಜೆ ಸೊಪ್ಪು ತರಲು ಹೋದೆ. ಗೇಟಿನ ಹತ್ತಿರ ಅರೆಗಳಿಗೆ ನಿಂತೆ. ಆಮೇಲೆ ಹೋದೆ.

ಜುಲೈ 14, ಸೋಮವಾರ. ಮಧ್ಯಾಹ್ನ

ಕಿಟ್ಟಿಯ ಮೊದಲ ಫೋನ್! ವಿಡಿಯೊ. ಸ್ಪೀಕರ್‌ಗೆ ಹಾಕಿ ಹಾಲ್‌ನಲ್ಲೇ ಕೂತೆ. ಅಪ್ಪ ಪೇಪರ್ ಹಿಂದೆ.

ಜೊತೆಗಾರನನ್ನು ತೋರಿಸಿದ. ಎಲ್ಡರ್ ಕಲ್ಮೇಶ್, ಹುಬ್ಬಳ್ಳಿ ಕಡೆಯವನು. ಅವನದೂ ಅಪ್ಪನ ಹೆಸರೇ ಇರಬೇಕು, ಕೇಳಲಿಲ್ಲ. ಕಿಟ್ಟಿ ಎಲ್ಲಿ ತಿರುಗಿದರೂ ಭುಜದ ಹಿಂದೆ ಅವನೇ.

ಆಮೇಲೆ ಕಿಟ್ಟಿ ನಿನ್ನೆಯ ಕಥೆ ಹೇಳಿದ. ನಾನು ಕಟ್ಟಿಕೊಟ್ಟ ರಾಗಿ ಹಿಟ್ಟು ತೆಗೆದು ಮುದ್ದೆ ಮಾಡಲು ಹೊರಟರಂತೆ. ತಣ್ಣೀರಿಗೇ ಹಿಟ್ಟು ಸುರಿದು ಕಲಕಿದ್ದಾನೆ. ಗಂಟು. ಇನ್ನಷ್ಟು ನೀರು, ಇನ್ನಷ್ಟು ಹಿಟ್ಟು. ಪಾತ್ರೆ ತುಂಬಿ ಹೊರಗೆ ಬಂತು. ಕೊನೆಗೆ ಗರಗಸದಂಥ ಚಾಕುವಿನಲ್ಲಿ ಕೊಯ್ದು ತಿಂದರಂತೆ.

“ಮುದ್ದಿ ಅಲ್ರೀ ಅಕ್ಕಾರ, ಕಲ್ಲ್ ರೀ ಅದು!” ಹಿಂದಿನಿಂದ ಕಲ್ಮೇಶ. “ನನ್ನ ಹಲ್ಲ ಇನ್ನೂ ಅಳ್ಳಾಡಾಕ್ಹತ್ತಾವ.”

ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಪೇಪರ್ ಹಾಳೆ ತಿರುಗಲೇ ಇಲ್ಲ. ಕಿಟ್ಟಿಗೂ ಅದು ಕಾಣುತ್ತಿತ್ತು ಅನ್ನಿಸುತ್ತದೆ. ಕಥೆಯನ್ನು ಬೇಕೆಂದೇ ಜೋರಾಗಿ ಹೇಳುತ್ತಿದ್ದ.

ಜುಲೈ 15, ಮಂಗಳವಾರ. ಬೆಳಿಗ್ಗೆ 8.20

ಕ್ಲಿನಿಕ್ಕಿಗೆ ಹೊತ್ತಾಗಿದೆ, ಆದರೂ ಬರೆದೇ ಹೋಗುತ್ತೇನೆ.

ಆರಕ್ಕೆ ಎದ್ದರೆ ಅಡುಗೆಮನೆಯಲ್ಲಿ ಅಪ್ಪ. ಒಲೆ ಮೇಲೆ ನೀರು. ನನ್ನನ್ನು ನೋಡಿ, “ಫೋನ್ ತಗೊಂಡ್ ಬಾ. ವಿಡಿಯೊ ಹಿಡಿ” ಅಂದರು. ಹನ್ನೆರಡು ದಿನದ ಮೇಲೆ.

ಹಿಡಿದೆ. ಅಪ್ಪ ಗಂಟಲು ಸರಿಮಾಡಿಕೊಂಡರು. ನನ್ನ ಮುಖ ನೋಡಲಿಲ್ಲ, ಫೋನಿನ ಕಣ್ಣನ್ನೇ ನೋಡಿದರು.

“ಲೋ ಕಿಟ್ಟಿ. ನೀರು ಕುದೀಬೇಕು ಮೊದ್ಲು. ತಣ್ಣೀರಿಗೆ ಯಾರೋ ಹಾಕ್ತಾರೆ ಹಿಟ್ಟು? ನೋಡಿಲ್ಲಿ. ಕುದಿಯೋವಾಗ ಗುಡ್ಡೆ ಹಂಗೆ ಸುರೀಬೇಕು. ಕೈಯಾಡಿಸ್‌ಬೇಡ. ಕೋಲು ನೆಟ್ಟು ಬಿಟ್ಬಿಡು. ಬೇಯ್ಲಿ. ನಿಂಗೆ ಮೊದ್ಲಿಂದ್ಲೂ ಅವಸ್ರ ಕಣೋ...”

ಆರು ನಿಮಿಷ. ನನ್ನ ದನಿ ಎಲ್ಲೂ ಇಲ್ಲ. ಒಂದಕ್ಷರ ಸೇರಿಸದೆ, ಹಾಗೇ ಕಳಿಸಿದೆ.

ಈಗ ಅಪ್ಪ ಎರಡು ತಟ್ಟೆ ಹಾಕಿ ಕೂತಿದ್ದಾರೆ. ನನ್ನನ್ನು ಕರೆದಿಲ್ಲ. ಉಣ್ಣುತ್ತಲೂ ಇಲ್ಲ. ಹೋಗಿ ಎದುರಿಗೆ ಕೂತು ಉಣ್ಣುತ್ತೇನೆ.