ಅರ್ಧ ಕುಲದ ಹುಡುಗಿ

ತಂಗಿ ರಾಜೀವಿ,

ಇದನ್ನು ಓದಲು ನೀನಿಲ್ಲ ಎಂದು ನನಗೆ ನಿನ್ನೆಯಷ್ಟೇ ಗೊತ್ತಾಯಿತು.

ಮೊಮ್ಮಗಳು ಯಕ್ಷಿತಾ ತನ್ನ ಕಾಲೇಜಿನ ಗೆಳತಿ ಶ್ರಾವ್ಯಾಳನ್ನು ಚೆಂಬೂರಿನ ಮನೆಗೆ ಕರೆತಂದಿದ್ದಳು. ಇಬ್ಬರೂ ಕಾಗದ, ದಾಳ ಹರಡಿಕೊಂಡು ಏನೋ ಆಟಕ್ಕೆ ಕುಳಿತರು. ಆಡುವ ಮೊದಲು ತಾನು ಯಾವ ಕುಲ, ಯಾವ ಕಸುಬು ಎಂದು ಆರಿಸಿ ಬರೆಯಬೇಕಂತೆ. ಯಕ್ಷಿತಾ ಉದ್ದ ಕಿವಿಯ ಕಾಡುಜನರ ಮಂತ್ರವಾದಿಯಾದಳು. ಶ್ರಾವ್ಯಾ ಅರ್ಧ ಮನುಷ್ಯ, ಅರ್ಧ ರಾಕ್ಷಸ ಕುಲದ ಯೋಧೆ.

“ಅರ್ಧ ಯಾಕೆ ಮಾರಾಯ್ತಿ? ಪೂರ್ತಿಯದ್ದು ಖಾಲಿಯಾಯಿತಾ?” ಎಂದೆ.

“ನಾನು ಭೀ ಹಾಫ್ ಅಲ್ವಾ, ಅಜ್ಜ,” ಎಂದು ನಕ್ಕಳು. “ಪಪ್ಪ ಕಲಬುರಗಿ, ಮಮ್ಮಿ ಉಡುಪಿ.”

ತಾಯಿಯಿಂದ ಮಕ್ಕಳಿಗೆ ಬರುವ ಕುಲವನ್ನು ನಮ್ಮ ತುಳುವರು ಕೇಳುವಂತೆ ಕೇಳಿಯೇಬಿಟ್ಟೆ: “ತಾಯಿಯ ಬರಿ ಯಾವುದು?”

“ಬರಿ ಹಾಫ್ ಇಲ್ಲ, ಪೂರಾ ಮಮ್ಮಿಯದ್ದೇ. ಸಾಲಿಯಾನ್.”

ನಮ್ಮದೇ ಬರಿ. ತಾಯಿಯ ಹೆಸರು ಕೇಳಿದೆ. ನಿನ್ನ ಹೆಸರು ಹೇಳಿದಳು. ಪರೇಲಿನ ಆಸ್ಪತ್ರೆಯಲ್ಲಿ ತೀರಿಕೊಂಡು ಎರಡು ವರ್ಷವಾಯಿತು ಎಂದಳು.

ಎರಡು ವರ್ಷ! ನೀವಿದ್ದ ವಿಕ್ರೋಳಿಯಿಂದ ಇಲ್ಲಿಗೇನು ಸಮುದ್ರ ದಾಟಬೇಕಿತ್ತಾ? ಆ ಭೀಮರಾಯ ಒಂದು ಫೋನು ಮಾಡಬಾರದಿತ್ತಾ ಎಂದು ಬೈಯಲು ಹೊರಟೆ. ಅವನನ್ನು ನೀನು ಕಟ್ಟಿಕೊಂಡ ದಿನ, ಈ ಮನೆಯ ಕಡೆ ತಲೆ ಹಾಕಬೇಡ ಎಂದು ಕೂಗಿದವನು ನಾನೇ. ಅವನಿಗೆ ನಂಬರ್ ಯಾರು ಕೊಡಬೇಕಿತ್ತು?

“ಅಜ್ಜ, ಶನಿವಾರ ಬರ್ತೇನೆ, ನಿಮಗೂ ಒಂದು ಕ್ಯಾರೆಕ್ಟರ್ ಮಾಡುವ,” ಎಂದು ನಿನ್ನ ಮಗಳು ಎದ್ದಳು. ನಾನು ಅಜ್ಜನಲ್ಲ, ಅವಳ ಸೋದರಮಾವ ಎಂದು ಹೇಳಲು ಬಾಗಿಲವರೆಗೂ ಹೋದೆ. ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

“ಲೋಕಲ್‌ನಲ್ಲಿ ರಶ್ ಇರ್ತದೆ, ಜಾಗ್ರತೆ,” ಎಂದೆ.