ಟಾರ್ಪಾಲಿನಡಿಯ ಪುಟ್ಟ ಬೈಕುಗಳು

ಫೆಬ್ರುವರಿ 14, 2009, ಶನಿವಾರ

ನನ್ನ ಅಂಗಡಿಯ ಮಕ್ಕಳ ಮೋಟಾರ್ ಬೈಕುಗಳ ಮೇಲೆ ಇವತ್ತೂ ಟಾರ್ಪಾಲು. ಕಳೆದ ಮಂಗಳವಾರದಿಂದ ಹೊಸ ಕಾನೂನು, ಅವನ್ನು ಮಾರುವಂತಿಲ್ಲ. ಬಿಡಿಭಾಗಗಳಲ್ಲಿ ಸೀಸವಿದೆಯಂತೆ, ಮಕ್ಕಳ ಬಾಯಿಗೆ ಹೋದರೆ ವಿಷವಂತೆ. ಬೈಕಿನ ಬ್ಯಾಟರಿಯನ್ನು ಯಾವ ಮಗು ನೆಕ್ಕುತ್ತದೋ, ವಾಷಿಂಗ್ಟನ್ನಿನ ಮಹಾಶಯರೇ ಮೊಂಟಾನಾಕ್ಕೆ ಬಂದು ತೋರಿಸಲಿ.

ಮಧ್ಯಾಹ್ನ ದನ ಸಾಕುವ ವೆಂಡೆಲ್ ತನ್ನ ಏಳು ವರ್ಷದ ಮಗಳು ಟೆಸ್ಸಾಳನ್ನು ಕರೆತಂದ. ಕರು ಅಟ್ಟಲು ಅವಳಿಗೊಂದು ಬೈಕು ಬೇಕಂತೆ.

"ಚಿಕ್ಕದು ಮಾರೋ ಹಾಗಿಲ್ಲ ಕಣಯ್ಯಾ" ಎಂದೆ.

"ಮಾರ್ಲಾ, ಹಾಗಾದ್ರೆ ಆ ದೊಡ್ಡದೇ ಕೊಡು. ಬೆಳೆಯೋ ಮಗು. ಬೂಟೂ ಒಂದು ಸೈಜು ದೊಡ್ಡದೇ ತಗೊಳ್ಳಲ್ವಾ?"

ಎತ್ತಿ ಕೂರಿಸಿದ. ಅವಳ ಎರಡೂ ಕಾಲು ಗಾಳಿಯಲ್ಲಿ ತೂಗಾಡಿದವು.

"ಸೀಟಿನ ಸ್ಪಂಜು ಕೊಯ್ದುಬಿಡು, ನೆಲ ಸಿಗುತ್ತೆ."

"ಸೀಟು ಕೊಯ್ದರೆ ಎಂಜಿನ್ನು ಚಿಕ್ಕದಾಗುತ್ತೇನೋ? ಇಳಿಸು ಅವಳನ್ನ."

"ಊರಲ್ಲಿ ನಿಂದೊಂದೇ ಅಂಗಡಿ ಅಂದ್ಕೋಬೇಡ" ಎಂದು ಹೊರಟ.

ಸಂಜೆ ಅವನ ಪಿಕಪ್ಪು ನನ್ನ ಅಂಗಡಿಯ ಮುಂದೆಯೇ ಹೋಯಿತು. ಹಿಂದೆ ಅಷ್ಟೇ ದೊಡ್ಡ ಬೈಕು, ಸೀಟನ್ನು ಆಗಲೇ ಕೊಯ್ದಿದ್ದರು. ಕಾನೂನಿಗೆ ಅದರ ಬಗ್ಗೆ ತಕರಾರಿಲ್ಲ. ಅದು ದೊಡ್ಡವರ ಗಾಡಿ.

ಬ್ಯಾಟರಿ ನೆಕ್ಕಬೇಕೆಂದರೆ ಟೆಸ್ಸಾ ಬಗ್ಗಬೇಕು. ಬೀಳುವುದಕ್ಕೆ ಅವಳು ಏನೂ ಮಾಡಬೇಕಿಲ್ಲ.